ಪ್ಲೋನಿಯಾಳ ನೀಲಿ ಶಾಲು

ಹಾಯಿದೋಣಿಗಳ ಆ ಕಾಲದಲ್ಲಿ ಹಾಲೆಂಡಿನ ನಮ್ಮ ಮರಳ ಕರಾವಳಿಯಲ್ಲೊಂದು ಕಟ್ಟಳೆ ಇತ್ತು. ಗಂಡನ ದೋಣಿ ನೀರಿಗಿಳಿದೊಡನೆ ಹೆಂಡತಿ ಬೆನ್ನು ತಿರುಗಿಸಿ ಮನೆಗೆ ನಡೆಯಬೇಕು. ಹಾಯಿ ಮರೆಯಾಗುವವರೆಗೆ ನೋಡಿದರೆ ಸಮುದ್ರ ಅವನನ್ನು ಇಟ್ಟುಕೊಂಡುಬಿಡುತ್ತದೆ ಎಂಬ ಅಂಜಿಕೆ. ಬಲೆ ಹೆಣೆಯುವ ಪ್ಲೋನಿಯಾ ಇದನ್ನು ಚಾಚೂ ತಪ್ಪದೆ ಪಾಲಿಸಿದವಳು. ಆದರೂ ಅವಳ ಲೇಂದರ್ಟ್ ಹಿಂತಿರುಗಲಿಲ್ಲ. ಅದೇ ದೋಣಿಯಲ್ಲಿ ಹೋದ ಉಳಿದ ಐವರ ಹೆಂಡಂದಿರು ವರ್ಷ ತುಂಬುವ ಮೊದಲೇ ವಿಧವೆಯರ ಕಪ್ಪು ಶಾಲು ಹೊದ್ದು ಇಗರ್ಜಿಗೆ ಬಂದರು. ಇವಳು ಮಾತ್ರ ಹನ್ನೊಂದು ವರ್ಷವಾದರೂ ಗಂಡನಿರುವವರ ನೀಲಿ ಶಾಲು ಬಿಡಲಿಲ್ಲ. ಸಂಜೆಯಾದರೆ ಮರಳದಿಬ್ಬ ಹತ್ತಿ ನಿಲ್ಲುವಳು. ಪಾದ್ರಿ ಹೇಳಿ ಹೇಳಿ ಸೋತರು.

ಆ ಬೇಸಿಗೆಯಲ್ಲಿ ಹೇಗ್ ಪಟ್ಟಣದಿಂದ ಬಂದ ಚಿತ್ರಕಾರ ಸಾಹೇಬರೊಬ್ಬರು ಅವಳನ್ನು ಅಲ್ಲೇ ನಿಲ್ಲಿಸಿ ಬರೆಯುತ್ತೇನೆಂದರು.

"ನೋಡೇ ಅದೃಷ್ಟ!" ಪಕ್ಕದ ಮನೆಯ ವಿಲ್ಮಿನಾ ಮೀನು ಸೀಳುತ್ತಾ ಛೇಡಿಸಿದಳು. "ಇಷ್ಟು ವರ್ಷ ಬಿಟ್ಟಿ ನಿಂತೆ, ಈಗ ಕೂಲಿ ಕೊಟ್ಟು ನಿಲ್ಲಿಸ್ತಾರೆ."

"ಹೊಟ್ಟೆಕಿಚ್ಚಾದ್ರೆ ನೀನೂ ಬಂದು ನಿಂತ್ಕೋ. ನಿನ್ನ ಗಂಡ ಒಲೆ ಮುಂದೆ ಗೊರಕೆ ಹೊಡೀತಿದ್ದಾನೆ, ಅದ್ಯಾರನ್ನ ಕಾಯ್ತೀಯೋ!"

ದಿಬ್ಬದ ಮೇಲೆ ಸಾಹೇಬರು ಕಪ್ಪು ಶಾಲೊಂದನ್ನು ಚಾಚಿದರು. "ಇದನ್ನ ಹೊದ್ಕೊಳ್ಳಮ್ಮ. ಈ ಬೆಳಕಿಗೆ ಚೆನ್ನಾಗಿ ಕಾಣುತ್ತೆ."

"ಆಗಲ್ಲ ಸಾಹೇಬ್ರೇ. ಹೊದ್ರೆ ಅವನು ಸತ್ತ ಅಂತ ನಾನೇ ಹೇಳಿದ ಹಾಗೆ."

ಅವರು ಒತ್ತಾಯಿಸಲಿಲ್ಲ. ಆರು ಸಂಜೆ ಅವಳು ನೀಲಿಯಲ್ಲೇ ನಿಂತಳು. ಮುಳುಗುವ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಿದ್ದ. ಕಣ್ಣಲ್ಲಿ ನೀರು ಸುರಿದರೂ ಅವಳು ದೃಷ್ಟಿ ಕದಲಿಸಲಿಲ್ಲ. ಅವಳಿಗೆ ಲೇಂದರ್ಟ್ ಬೇಕಾಗಿದ್ದ, ಅಷ್ಟೇ.

ಏಳನೆಯ ಸಂಜೆ ಚಿತ್ರ ತೋರಿಸಿದರು. ದಿಬ್ಬದ ಮೇಲೆ ನೀಲಿ ಶಾಲಿನ ಅವಳು, ಎದುರಿನ ನೀರಿನ ಮೇಲೆಲ್ಲ ಹಳದಿ ಬೆಳಕು, ನಡುವೆ ಕಂದು ಹಾಯಿಯ ಒಂದು ದೋಣಿ. "ನಿನ್ನವನು ಬರ್ತಿರೋ ಹಾಗೆ ಬರೆದಿದ್ದೀನಮ್ಮ" ಎಂದರು, ಅವಳಿಗೆ ಸಂತೋಷವಾಗಲೆಂದು.

ಪ್ಲೋನಿಯಾ ಬಗ್ಗಿ ನೋಡಿದಳು. "ಬರ್ತಿಲ್ಲ ಸಾಹೇಬ್ರೇ. ಚುಕ್ಕಾಣಿ ದಡದ ಕಡೆಗಿದೆ. ಇದು ಹೋಗ್ತಿರೋ ದೋಣಿ."

ಪಾಪ, ಪಟ್ಟಣದವರಿಗೆ ದೋಣಿಯ ಹಿಂದುಮುಂದು ಎಲ್ಲಿ ತಿಳಿಯಬೇಕು! ನಾಚಿಕೊಂಡು ಕುಂಚ ಎತ್ತಿಕೊಂಡರು. ಅವಳು ಅವರ ಕೈ ತಡೆದಳು.

"ತಿದ್ಬೇಡಿ. ಆವತ್ತು ನಾನು ತಿರುಗಿ ನೋಡ್ಲೇ ಇಲ್ಲ. ಈಗ ಒಂದ್ಸಲ ನೋಡ್ಕೋತೀನಿ."

ಬಣ್ಣಗಳು ಕಾಣದಷ್ಟು ಮಬ್ಬಾಗುವವರೆಗೆ ಅವಳು ಆ ಹಾಯಿಯ ಮುಂದೆ ನಿಂತಿದ್ದಳು. ಆಮೇಲೆ ಕೇಳಿದಳು, "ಆ ಕಪ್ಪು ಶಾಲು ಇನ್ನೂ ನಿಮ್ಮ ಹತ್ರ ಇದೆಯಾ?"