ಹಿಂದೆ ಕೂರಿಸುವ ಮೆಕ್ಯಾನಿಕ್

ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದಾಗ ಗೇಟಿನೆದುರು ಒಬ್ಬ ಸ್ಕೂಟರ್ ಮೆಕ್ಯಾನಿಕ್ ಇದ್ದ. ಏನೇ ಕೇಳಿದರೂ ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆಸೆದು, "ಪೀಛೇ ಬೈಠೋ, ಸಾಹೇಬ್" ಎನ್ನುತ್ತಿದ್ದ. ಅಂದರೆ ನಾವು ಹಿಂದೆ ಕೂರಬೇಕು, ಅವನು ಓಡಿಸಬೇಕು.

ನನ್ನ ಸ್ಕೂಟರಿನ ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿತ್ತು. ಬರೀ ಸ್ಪ್ರಿಂಗಿನದು ಹಾಕಿಸಲೋ, ಹೊಸದಾಗಿ ಬಂದ ಗ್ಯಾಸಿನದು ಹಾಕಿಸಲೋ ಎಂದಷ್ಟೇ ಕೇಳಿದೆ. ಮಹಾರಾಯ ಒಂದನ್ನು ಜೋಡಿಸಿ, ಅಗೆದು ಬಿಟ್ಟ ರಸ್ತೆಯಲ್ಲಿ ನನ್ನನ್ನು ಕುಣಿಸಿ ತಂದ. ಅದನ್ನು ಬಿಚ್ಚಿ ಇನ್ನೊಂದನ್ನು ಜೋಡಿಸಿ ಮತ್ತೆ ಕುಣಿಸಿದ. ನನ್ನ ಪಾಳಿ ತಪ್ಪಿತು.

"ಗ್ಯಾಸಿನದೇ ಹಾಕು ಮಾರಾಯ" ಎಂದೆ.

"ದಿನಾ ಹಿಂದೆ ಕೂರುವವರು ಯಾರು?"

"ಹೆಂಡತಿ."

"ಹಾಗಾದರೆ ಬೆನ್ ಹೇಳಲಿ. ಕರೆದುಕೊಂಡು ಬನ್ನಿ." ಬೆನ್ ಎಂದರೆ ಆ ಊರಿನ ಮಾತಿನಲ್ಲಿ ಅಕ್ಕ.

ಒಂದು ಶಾಕ್ ಅಬ್ಸಾರ್ಬರ್ ಹಾಕಿಸಲು ಸಂಸಾರ ಸಮೇತ ಬರಬೇಕೇ! ಆದರೂ ಭಾನುವಾರ, ಊರಿನ ಆ ತುದಿಯ ಚಾಂದ್‌ಖೇಡಾದಿಂದ ಅವಳನ್ನು ಕರೆತಂದೆ. ಮಾರುಕಟ್ಟೆಗೆ ಒಬ್ಬಳೇ ಸ್ಕೂಟರಿನಲ್ಲಿ ಹೋಗಿಬರುವವಳು ಅವಳು. ಎರಡು ಸುತ್ತೂ ನಾನೇ ಓಡಿಸಿದೆ. ಇಳಿದವಳು ನನ್ನತ್ತ ಬೆರಳು ತೋರಿಸಿ, "ಎರಡೂ ಛಲೋ ಅದಾವ್ರಿ. ನೀವು ಒಂದ್ ತಗ್ಗೂ ಬಿಡದಂಗ ಹಾರಿಸಿದ್ರ ಪಾಪ ಅವಾದ್ರೂ ಏನ್ ಮಾಡ್ತಾವ?" ಎಂದಳು.

"ಬೆನ್ ಏನೆಂದರು?" ಎಂದು ಅವನು ಕೇಳಿದ.

"ಗ್ಯಾಸಿನದೇ ಒಳ್ಳೆಯದಂತೆ" ಎಂದೆ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವಳ ಬೆರಳು ಇನ್ನೂ ನನ್ನತ್ತಲೇ ಇತ್ತು. ಅವನು ಬಟ್ಟೆಯನ್ನು ಹೆಗಲಿಗೆಸೆದ. ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಅವಳಿಗೆ ಕೊಟ್ಟ.

"ಪೀಛೇ ಬೈಠೋ, ಸಾಹೇಬ್."