ದೀಪ ಹಚ್ಚಿದ ಮೇಲೆ ಬಾಗಿಲು ಹಾಕುತ್ತಿದ್ದ ವೆಬ್‌ಸೈಟು

ಈ ಬೆಳಿಗ್ಗೆ ಚುಂಚನಕಟ್ಟೆಯ ಬಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಬೇವಿನ ಹಿಂಡಿಯ ಮೂಟೆಯನ್ನು ನನ್ನ ಕಾಲ ಬಳಿಯೇ ಇಳಿಸಿದರು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗಳು ರೇಣುಕ ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಆ ವಾಸನೆ ಬಂದರೆ ಕಂಪ್ಯೂಟರ್ ನೆನಪಾಗುತ್ತದೆ. ನಗಬೇಡಿ. ಹುಣಸೂರಿನ ನಮ್ಮ ಜನದ ವಧೂವರರ ಕೇಂದ್ರದ ಸರ್ವರ್ ಕೂತಿದ್ದದ್ದು ಶಿವಬಸಪ್ಪನವರ ಗೊಬ್ಬರದ ಅಂಗಡಿಯಲ್ಲಿ, ಬೇವಿನ ಹಿಂಡಿಯ ಮೂಟೆಗಳ ನಡುವೆ.

ಶಿವಬಸಪ್ಪನವರು ಕೇಂದ್ರದ ಅಧ್ಯಕ್ಷರು. ಮೊದಲು ಜಾತಕ, ಫೋಟೋಗಳೆಲ್ಲ ಅವರ ಅಂಗಡಿಯ ಬೀರುವಿನಲ್ಲಿ ಇರುತ್ತಿದ್ದವು. ಹೋದ ವರ್ಷ ವೆಬ್‌ಸೈಟ್ ಮಾಡೋಣವೆಂಬ ಮಾತು ಬಂದಾಗ ಸಮಿತಿಯವರೆಲ್ಲ ನನ್ನತ್ತ ತಿರುಗಿದರು. ನಾನು ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟವನು. ಆದರೂ ಸ್ವಂತ ಕೈಯಿಂದ ಪ್ರಿಂಟರ್ ರಿಪೇರಿ ಮಾಡಿದ್ದೆನೆಂಬ ಖ್ಯಾತಿ ನನಗಿತ್ತು. ಕಳಚಿದ ವೈರನ್ನು ಸಿಕ್ಕಿಸಿದ್ದೇ ಆ ಖ್ಯಾತಿಯ ಬಂಡವಾಳ.

ಇರುವ ಅಲ್ಪ ಹಣದಲ್ಲಿ ಏನು ಮಾಡಬಹುದೆಂದು ಓದಿಕೊಂಡು ಹೋಗಿ ಹೇಳಿದೆ. ಹೊರಗಿನ ಕಂಪನಿಯವರ ಹತ್ತಿರ ಜಾಗ ಬಾಡಿಗೆಗೆ ಹಿಡಿಯಬಹುದು. ಇಲ್ಲವೇ ಅಂಗಡಿಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಳ್ಳಬಹುದು. ಅದಕ್ಕೆ ಲಿನಕ್ಸ್, ಅದರ ಮೇಲೆ ವೆಬ್‌ಸೈಟ್ ನಡೆಸುವ ಅಪಾಚೆ ಎಂಬ ತಂತ್ರಾಂಶ, ಎರಡೂ ಪುಕ್ಕಟೆ. ಪುಕ್ಕಟೆ ಎಂದದ್ದೇ ತಪ್ಪಾಯಿತು. ವರದಕ್ಷಿಣೆ ಬೇಡವೆನ್ನುವ ಗಂಡಿನ ಮೇಲೆ ಬರುವ ಅನುಮಾನವೇ ಅದರ ಮೇಲೂ ಬಂತು. ಏನು ಐಬಿದೆ, ಮಾಡಿದವರು ಯಾರ ಪೈಕಿ, ನಾಳೆ ಕೈಬಿಟ್ಟರೆ ಕೇಳುವವರಾರು ಎಂದು ದೊಡ್ಡ ವಿಚಾರಣೆಯೇ ನಡೆಯಿತು. ಪಿರಿಯಾಪಟ್ಟಣದ ಸದಸ್ಯರೊಬ್ಬರು ಮೊಬೈಲ್ ನೋಡಿಕೊಂಡು, ಇದಕ್ಕಿಂತ ಹಗುರವಾದದ್ದು ಇನ್ನೊಂದಿದೆಯಂತೆ ಎಂದರು. ಹಗುರವಾದದ್ದು ಬಾಳಿಕೆ ಬರುವುದಿಲ್ಲವೆಂದು ಅದನ್ನು ಕೂಡಲೇ ತಳ್ಳಿಹಾಕಲಾಯಿತು.

ಬಾಡಿಗೆ ಜಾಗದ ವಿಚಾರವನ್ನು ಶಿವಬಸಪ್ಪನವರು ಒಂದೇ ಮಾತಿನಲ್ಲಿ ಮುಗಿಸಿದರು.

"ನಮ್ಮ ಹೆಣ್ಮಕ್ಕಳ ಫೋಟೋ ಕಂಡೋರ ಮನೇಲಿ ರಾತ್ರಿ ಉಳೀಬಾರ್ದು ಕಣ್ರೀ."

ನಮ್ಮ ಮನೆತನಗಳಲ್ಲಿ ಇದು ನಡೆದುಬಂದದ್ದೇ. ಗಂಡಿನ ಕಡೆಯವರು ಫೋಟೋ ಒಯ್ದರೆ, ದೀಪ ಹಚ್ಚುವ ಮುಂಚೆ ಅದು ಹೆಣ್ಣಿನ ಮನೆಗೆ ಮರಳಬೇಕು. ಹಾಗಾಗಿ ಹಳೆಯ ಕಂಪ್ಯೂಟರೇ ಗೆದ್ದಿತು. ಅದಕ್ಕೆ ವಿಭೂತಿ ಹಚ್ಚಿ, ಹಾರ ಹಾಕಿ, ಧೂಳು ಕೂರದಿರಲೆಂದು ಕಸೂತಿ ಹಾಕಿದ ಬಟ್ಟೆ ಹೊದಿಸಿದರು. ಗಾಳಿಯಾಡದೆ ಅದು ಕಾಯುತ್ತದೆಂದು ಹೇಳಿ ಬಟ್ಟೆ ತೆಗೆಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಪದ್ಧತಿ ಅಲ್ಲಿಗೇ ನಿಲ್ಲಲಿಲ್ಲ. ದೀಪ ಹಚ್ಚಿದ ಮೇಲೆ ಯಾರಾದರೂ ಹೆಣ್ಣು ನೋಡಲು ಬರುತ್ತಾರೆಯೇ? ಶಿವಬಸಪ್ಪನವರು ಸಂಜೆ ಅಂಗಡಿಯ ದೇವರಿಗೆ ದೀಪ ಹಚ್ಚಿ, ಕೈ ಮುಗಿದು, ಸರ್ವರ್ ಆರಿಸತೊಡಗಿದರು. ಅಂಗಡಿಗೆ ರಜವಿದ್ದ ದಿನ ವೆಬ್‌ಸೈಟಿಗೂ ರಜ. ಸರ್ವರ್ ಹಗಲೂ ರಾತ್ರಿ ನಡೆಯಬೇಕೆಂದು ನಾನು ಹೇಳಿದ್ದಕ್ಕೆ, ದೇವಸ್ಥಾನವೇ ಬಾಗಿಲು ಹಾಕುತ್ತದಲ್ಲ ಮೇಷ್ಟ್ರೇ ಎಂದರು. ಇಷ್ಟಾದರೂ ಮೂರ್ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ದೂರಲಿಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹಿರಿಯರೊಬ್ಬರಂತೂ ಇಷ್ಟು ಶಿಸ್ತಿನ ವೆಬ್‌ಸೈಟ್ ಮೈಸೂರಿನಲ್ಲೂ ಇಲ್ಲವೆಂದು ಹೊಗಳಿದರು.

ದೂರಿದವಳು ರೇಣುಕ. ಬಿಳಿಕೆರೆಯ ಶಾಲೆಯಲ್ಲಿ ಟೀಚರು, ಮೂವತ್ತು ದಾಟಿದ್ದಾಳೆ. ಎಷ್ಟೋ ಮನೆಯವರು ಬಂದು ಅವಳನ್ನು ನೋಡಿಹೋಗಿದ್ದರು. ಈ ದಸರಾ ಕಳೆದ ಮೇಲೆ ಇನ್ನೊಂದು ಕಡೆಯವರು ಬರಲಿ ಎಂದು ಚಿಕ್ಕಪ್ಪ ಮಾತು ಕೊಟ್ಟುಬಿಟ್ಟಿದ್ದರು. ಅವರು ಒಪ್ಪಿದರೆ ಮುಗಿಯಿತು, ಇವಳ ಒಪ್ಪಿಗೆ ಕೇಳುವವರಿರಲಿಲ್ಲ. ಅಷ್ಟರೊಳಗೆ ತಾನೇ ನೋಡಿ, ತಾನೇ ಒಬ್ಬರನ್ನು ಆರಿಸಬೇಕೆಂದು ಅವಳಿಗಿತ್ತು. ಆದರೆ ಹಗಲೆಲ್ಲ ಶಾಲೆ. ಬಸ್ಸು ಹಿಡಿದು ಮನೆ ಸೇರಿ, ಕೆಲಸ ಮುಗಿಸಿ ಮೊಬೈಲ್ ತೆಗೆಯುವ ಹೊತ್ತಿಗೆ ನಮ್ಮ ಶಿಸ್ತಿನ ವೆಬ್‌ಸೈಟ್ ಮಲಗಿರುತ್ತಿತ್ತು.

ಒಂದು ಶನಿವಾರ ಶಾಲೆ ಬಿಟ್ಟವಳೇ ನೇರವಾಗಿ ಗೊಬ್ಬರದ ಅಂಗಡಿಗೆ ಬಂದಳು. ನಾನೂ ಅಲ್ಲಿದ್ದೆ.

"ದೊಡ್ಡಪ್ಪ, ನೀವು ಆಫ್ ಮಾಡುದ್ಮೇಲೆ ಗಂಡುಗಳಿಗೆ ನಾವು ಕಾಣಾಕಿಲ್ಲ, ಸರಿ. ನಮಗೂ ಅವ್ರು ಕಾಣಾಕಿಲ್ವಲ್ಲ?"

ಶಿವಬಸಪ್ಪನವರು ತೂಗುತ್ತಿದ್ದ ಮೂಟೆಯನ್ನು ತಕ್ಕಡಿಯ ಮೇಲೆಯೇ ಬಿಟ್ಟು ಕುಳಿತರು. ಹೆಣ್ಣೂ ನೋಡುತ್ತದೆ ಎಂಬುದು ಅವರ ತಲೆಗೇ ಹೊಳೆದಿರಲಿಲ್ಲ. ಅಷ್ಟೆಲ್ಲ ಓದಿಕೊಂಡು ಹೋಗಿದ್ದ ನನ್ನ ತಲೆಗೂ ಹೊಳೆದಿರಲಿಲ್ಲವೆನ್ನಿ.

"ನೀನು ನೋಡ್ತೀಯವ್ವ?" ಎಂದರು.

"ನೋಡ್ತೀನಿ. ಬಾಳ್ವೆ ಮಾಡೋಳು ನಾನಲ್ವಾ?"

ರಾತ್ರಿಯೂ ತೆರೆದಿರಲೆಂದು ಕೆಲವೇ ದಿನಗಳಲ್ಲಿ ವೆಬ್‌ಸೈಟ್ ಬಾಡಿಗೆಯ ಜಾಗಕ್ಕೆ ಹೋಯಿತು, ಸಮಿತಿ ತಳ್ಳಿಹಾಕಿದ್ದ ಆ ಹಗುರವಾದ ತಂತ್ರಾಂಶದ ಮೇಲೆಯೇ. ಹೆಸರು ನೋಂದಾಯಿಸಿದವರಿಗೆ ಮಾತ್ರ ಫೋಟೋ ಕಾಣಬೇಕೆಂದು ಅಧ್ಯಕ್ಷರು ಷರತ್ತು ಹಾಕಿದರು, ಒಳ್ಳೆಯ ಷರತ್ತೇ. ಬಾಡಿಗೆಯೂ ನಾವು ಹೆದರಿದಷ್ಟೇನೂ ಆಗಲಿಲ್ಲ.

ಹೋದ ವಾರ ರೇಣುಕ ಒಬ್ಬರನ್ನು ಆರಿಸಿದಳು. ಚುಂಚನಕಟ್ಟೆಯವರು, ಭತ್ತದ ಬೇಸಾಯ. ಅವರನ್ನು ನೋಡಲೆಂದೇ ಇವತ್ತು ಅವಳೂ ನಾನೂ ಹೊರಟದ್ದು. ಅವರ ಮನೆ ಸೇರಿ ಕೂತಾಗ ಆತ ಇಸ್ತ್ರಿಯ ಗೆರೆ ಮಾಸದ ಅಂಗಿ ಹಾಕಿಕೊಂಡು ಕೇಸರಿಬಾತಿನ ತಟ್ಟೆ ಹಿಡಿದು ಬಂದರು. ಅಡುಗೆ ಬರುತ್ತದೆಯೇ, ಮದುವೆಯ ನಂತರವೂ ನಾನು ಕೆಲಸಕ್ಕೆ ಹೋಗುವುದು ನಿಮಗೆ ಒಪ್ಪಿಗೆಯೇ ಎಂದು ರೇಣುಕ ಕೇಳಿದಳು; ಆತ ತಲೆ ತಗ್ಗಿಸಿಕೊಂಡೇ ಉತ್ತರ ಹೇಳಿದರು. ನನಗೆ ಆತನ ಮೇಲೆ ಕನಿಕರವೂ ಅವಳ ಮೇಲೆ ಹೆಮ್ಮೆಯೂ ಒಟ್ಟಿಗೇ ಉಕ್ಕಿದವು. ಹೊರಡುವಾಗ ಆತನ ತಾಯಿ ಬಾಗಿಲವರೆಗೂ ಬಂದು, ಏನು ಹೇಳುತ್ತೀರಿ ಎಂದು ನನ್ನ ಮುಖ ನೋಡಿದರು. ಹಿರಿಯನೆಂಬ ಠೀವಿಯಲ್ಲಿ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ರೇಣುಕ ಚಪ್ಪಲಿ ಮೆಟ್ಟುತ್ತ ಅಂದಳು:

"ಊರಿಗೆ ಹೋಗಿ ತಿಳಿಸ್ತೀವಿ ಕಣವ್ವ."