ಒಂದಡಿ ಎತ್ತರದ ವರ

ಬಸ್ಸು ಜಾವಗಲ್ ತಲುಪುವ ಮುಂಚೆಯೇ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಮುಂದೆ ಹೋಗಿ, ಯಾವುದೋ ಗುಂಡಿಯಲ್ಲಿ ಧಡಕ್ಕನೆ ಕುಕ್ಕಿ, ನನ್ನ ತೊಡೆಯ ಮೇಲಿದ್ದ ಕುಂಡ ಮುಂದಿನ ಸೀಟಿನ ಕಂಬಿಗೆ ಬಡಿದು ಹೋಳಾಗಬಹುದಿತ್ತು. ಸಂತೆಗೆ ಹೊರಟವರು ಯಾರಾದರೂ ಮೇಕೆಯನ್ನು ಹತ್ತಿಸಬಹುದಿತ್ತು. ಮೇಕೆಗೆ ಅರಳಿ ಸೊಪ್ಪೆಂದರೆ ಎಷ್ಟು ಪ್ರೀತಿಯೆಂದು ಬಲ್ಲವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ತಲೆಯ ಮೇಲಿನ ಕ್ಯಾರಿಯರಿನಿಂದ ತೆಂಗಿನಕಾಯಿ ಚೀಲ ಉರುಳಬಹುದಿತ್ತು. ಕಂಡಕ್ಟರು ವರನಿಗೆ ಲಗೇಜ್ ಟಿಕೆಟ್ ಹರಿದು, ವರನನ್ನು ಲಗೇಜ್ ಎಂದದ್ದಕ್ಕೆ ನಮ್ಮ ಅಧ್ಯಕ್ಷರು ಮುನಿದು, ದಿಬ್ಬಣವೆಲ್ಲ ನಡುದಾರಿಯಲ್ಲಿ ಇಳಿಯಬೇಕಾಗಬಹುದಿತ್ತು. ಬೇಲೂರು ಮುಟ್ಟಿದ ಮೇಲೆ ನೋಡಿದರೆ ವಧು ಎಲೆಗಳನ್ನೆಲ್ಲ ಉದುರಿಸಿಕೊಂಡು ಬೋಳಾಗಿ ನಿಂತಿರಬಹುದಿತ್ತು. ಪುರೋಹಿತರು ಗಂಡು ಹೆಣ್ಣಿನ ಅಳತೆ ನೋಡಿ, ನಮಗೆ ತಲೆ ಕೆಟ್ಟಿದೆಯೆಂದು ಎದ್ದು ಹೋಗಬಹುದಿತ್ತು. ಹೋಮದ ಕಾವಿಗೆ ಚಿಗುರು ಸುಟ್ಟುಹೋಗಬಹುದಿತ್ತು. ಅಕ್ಷತೆಯ ರಾಶಿಯಲ್ಲಿ ವಧೂವರರಿಬ್ಬರೂ ಹೂತುಹೋಗಬಹುದಿತ್ತು.

ಇದನ್ನೆಲ್ಲ ನಾನು ಮದುವೆಗೆ ಒಂದು ವಾರ ಮೊದಲೇ ಯೋಚಿಸಿ ಮುಗಿಸಿದ್ದೆ. ಎಲ್ಲರಿಗೂ ಒಂದು ಹವ್ಯಾಸ ಇರುತ್ತದೆ, ನನ್ನದು ಚಿಂತೆ, ಬೋನ್ಸಾಯ್ ಅದಕ್ಕೆ ಹಾಕಿದ ಗೊಬ್ಬರ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ವರ ಎಂದರೆ ಒಂದು ಅರಳಿ ಮರ, ಎತ್ತರ ಒಂದಡಿ. ವಧು ಬೇವು, ಅವಳ ಎತ್ತರವೇ ಒಂದು ರಗಳೆಯಾದ್ದರಿಂದ ಆಮೇಲೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಅರಸೀಕೆರೆಯಲ್ಲಿ ನಮ್ಮದೊಂದು ಬೋನ್ಸಾಯ್ ಸಂಘವಿತ್ತು. ಊರಿನ ಸುತ್ತ ಎತ್ತ ತಿರುಗಿದರೂ ತೆಂಗು. ಮರ ಎಂದರೆ ತಲೆಯೆತ್ತಿ ನೋಡಬೇಕಾದದ್ದು ಎಂದು ತಿಳಿದ ಜನರ ನಡುವೆ, ಮರ ಬೆಳೆಯದ ಹಾಗೆ ನೋಡಿಕೊಳ್ಳಲು ಕೆಲವರು ಭಾನುವಾರ ಸೇರುತ್ತಾರೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಗಂಡಸಿಯಿಂದ ಬಂದಿದ್ದ ರೈತರೊಬ್ಬರು ಅಧ್ಯಕ್ಷರ ಜಗುಲಿಯ ಮೇಲಿದ್ದ ಹುಣಸೆಯನ್ನು ಬಹಳ ಹೊತ್ತು ನೋಡಿ, ಮರುಕದಿಂದ, “ಯಾಕ್ ಸ್ವಾಮಿ, ಸೀಕು ಬಂದೈತಾ? ಬೇರು ಹುಳ ಇರ್ಬೇಕು, ಔಷ್ದಿ ಹುಯ್ಯಿ” ಎಂದು ಹೇಳಿ ಹೋಗಿದ್ದರು.

ನಮ್ಮ ಭಾನುವಾರದ ಸಭೆ ಹೀಗಿರುತ್ತಿತ್ತು: ಯಾರದೋ ಮರ ನಡುವೆ, ಸುತ್ತ ನಾವು. ಒಂದು ಕೊಂಬೆಯನ್ನು ಕತ್ತರಿಸಬೇಕೇ ಬೇಡವೇ ಎಂಬ ಚರ್ಚೆ. ಕಾಫಿ ಬರುವ ಹೊತ್ತಿಗೆ ಕೊಂಬೆಗೆ ಜೀವದಾನ. ಹೊರಡುವ ಮುಂಚೆ ಇನ್ನೊಮ್ಮೆ ಚರ್ಚೆ. ನಾನು ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಬೇರೆಯವರ ಸಾಮಾನು ಒಡೆದೀತೆಂದು ಹಗಲೆಲ್ಲ ಹೆದರುವುದೇ ನನ್ನ ಉದ್ಯೋಗವಾಗಿತ್ತು. ಮರಗಳ ವಿಷಯದಲ್ಲಿ ನನ್ನ ಕೈಗುಣ ಹೇಳಿಕೊಳ್ಳುವಂಥದ್ದಲ್ಲ. ಉಳಿದವರ ಕೈಯಲ್ಲಿ ಮರ ಕುಳ್ಳಾಗುತ್ತಿತ್ತು, ನನ್ನ ಕೈಯಲ್ಲಿ ಸೀದಾ ಒಣಗುತ್ತಿತ್ತು.

ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಆ ಅರಳಿ ಅವರದು. ಶಾಲೆಯ ಚಾವಣಿಯ ಬಿರುಕಿನಲ್ಲಿ ಹುಟ್ಟಿದ್ದ ಸಸಿಯನ್ನು ಕಿತ್ತು ತಂದು ಸಾಕಿದ್ದರು. ಅವರ ಒಬ್ಬಳೇ ಮಗಳಿಗಿಂತ ಅದಕ್ಕೆ ವಯಸ್ಸು ಹೆಚ್ಚು. ಬುಡ ಮುದುಕನ ಮೊಣಕಾಲಿನ ಹಾಗೆ ಗಂಟುಗಂಟಾಗಿತ್ತು, ಎಲೆಗಳು ಉಗುರಿನಷ್ಟೇ ಇದ್ದವು. ಬೆಳಿಗ್ಗೆ ಜಗುಲಿಯಲ್ಲಿ ಅದರ ಪಕ್ಕ ಕೂತು ಕಾಫಿ ಕುಡಿಯದಿದ್ದರೆ ಮೇಷ್ಟ್ರಿಗೆ ದಿನ ಶುರುವಾದಂತೆ ಆಗುತ್ತಿರಲಿಲ್ಲ.

ತೊಡಕು ಬಂದದ್ದು ಮಗಳ ಮದುವೆಯ ಮಾತು ಎದ್ದಾಗ. ಎರಡು ಮೂರು ಸಂಬಂಧಗಳು ಬಂದು ಹಿಂದೆ ಸರಿದವು. ಯಾರೋ ನೆಂಟರು ಜಗುಲಿಯಲ್ಲಿ ಕೂತು ಚಕ್ಕುಲಿ ತಿನ್ನುತ್ತ, ಉಪನಯನ ಮದುವೆ ಆಗದ ಅಶ್ವತ್ಥ ಮನೆಯಲ್ಲಿದ್ದರೆ ಆ ಮನೆಯಲ್ಲಿ ಶುಭಕಾರ್ಯ ನಡೆಯುವುದಿಲ್ಲ ಎಂದುಬಿಟ್ಟರು. ಕಟ್ಟೆಯ ಅರಳಿಗೆ ಜನಿವಾರ ಹಾಕಿ ಬೇವಿನ ಜೊತೆ ಮದುವೆ ಮಾಡಿಸುವುದನ್ನು ನಮ್ಮ ಕಡೆ ಎಲ್ಲರೂ ನೋಡಿದವರೇ. ಆದರೆ ಕುಂಡದಲ್ಲಿರುವುದಕ್ಕೂ ಆ ನಿಯಮವೇ ಎಂದು ಯಾರೂ ಯೋಚಿಸಿರಲಿಲ್ಲ. ಮೇಷ್ಟ್ರ ಹೆಂಡತಿ ಯೋಚಿಸಿದರು.

“ಯುಗಾದಿ ಒಳಗೆ ಅದಕ್ಕೊಂದು ಮದುವೆ ಮಾಡ್ಸಿ,” ಎಂದರು. “ಇಲ್ದಿದ್ರೆ ಕೆರೆ ಏರಿ ಮೇಲೆ ನೆಲಕ್ಕೆ ನೆಡ್ಸಿ. ಪುಣ್ಯನಾದ್ರೂ ಬರತ್ತೆ. ಅಲ್ಲಿವರೆಗೆ ನನ್ನ ಹೊಸಲು ಒಳಗೆ ಅದು ಬೇಡ.”

ನೆಲಕ್ಕೆ ನೆಟ್ಟರೆ ಮರಕ್ಕೇನೋ ಖುಷಿಯೇ. ಮುಂದಿನ ಮಳೆಗಾಲದ ಹೊತ್ತಿಗೆ ಅದು ಎಲ್ಲ ಅರಳಿಗಳಂತೆ ಒಂದು ಅರಳಿ. ಮೇಷ್ಟ್ರ ಅಷ್ಟೂ ವರ್ಷದ ಕತ್ತರಿ, ತಂತಿ, ಕಾಯುವಿಕೆ, ಎಲ್ಲ ಹೋದ ಹಾಗೆ. ಆ ಮುದುಕರು ನನ್ನ ಮನೆಗೆ ಕುಂಡ ತಂದಿಟ್ಟ ದಿನ ಅವರ ಮುಖ ನೋಡಲಾಗಲಿಲ್ಲ. “ಮದುವೆ ಆಗೋವರೆಗೆ ನಿಮ್ಮನೇಲಿರ್ಲಿ. ಜಗುಲಿಗೆ ವಾಪಸ್ ಬಂದ್ರೆ ಸಾಕು ನಂಗೆ,” ಎಂದರು.

ಹೀಗೆ ಮದುವೆಯಾಗದ ಒಬ್ಬ ಗಂಡು ನಮ್ಮ ಮನೆಯಲ್ಲಿ ಉಳಿದುಕೊಂಡ. ನಾನು ಬೆಳಿಗ್ಗೆ ಎದ್ದವನೇ ಮೊದಲು ಅವನ ಮಣ್ಣು ಮುಟ್ಟಿ ನೋಡುತ್ತಿದ್ದೆ. “ನಂಗೆ ಜ್ವರ ಬಂದಾಗ ಒಂದ್ಸಲ ಹೀಗೆ ಹಣೆ ಮುಟ್ಟಿ ನೋಡಿದ್ರಾ?” ಎಂದಳು ಹೆಂಡತಿ. ನೋಡಿದ್ದೆ ಎಂದೇ ನನ್ನ ನೆನಪು. ವಾದಿಸುವ ಧೈರ್ಯವಾಗಲಿಲ್ಲ.

ಸಂಘದ ಸಭೆ ಕರೆದೆವು. ನಮ್ಮ ಕಾರ್ಯದರ್ಶಿ ದನದ ಡಾಕ್ಟರು. ಅವರದು ಬೌದ್ಧ ಮನೆತನ. ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸುತ್ತ ಹೇಳಿದರು: “ಅಲ್ಲ ಮೇಷ್ಟ್ರೇ, ನಮ್ಮ ಮನೇಲಿ ಅದು ಬೋಧಿ ಮರ. ಹೆಂಡ್ತಿ ಮಗು ಬಿಟ್ಟು ಹೋದವ್ರಿಗೆ ನೆರಳು ಕೊಟ್ಟಿದ್ದು. ಅದನ್ನೇ ಹಿಡ್ಕೊಂಡು ಬಂದು ಸಂಸಾರಕ್ಕೆ ಹಾಕ್ತೀರಲ್ಲ.”

“ನೀವು ಬರ್ತೀರೋ ಇಲ್ವೋ ಮದುವೆಗೆ?”

“ಬರ್ದೆ ಇರ್ತೀನಾ? ಊಟ ಬಿಡೋಕೆ ಬುದ್ಧ ಎಲ್ಲೂ ಹೇಳಿಲ್ಲ.”

ಹೆಣ್ಣು ಯಾರ ಬಳಿಯಿದೆ ಎಂದು ಹುಡುಕಬೇಕಾಗಿರಲಿಲ್ಲ. ಸಂಘದಲ್ಲಿ ಬೇವು ಸಾಕಿದ್ದವರು ಒಬ್ಬರೇ: ಬೇಲೂರಿನಲ್ಲಿ ಗಣಿತ ಕಲಿಸುತ್ತಿದ್ದ ಮೇಡಂ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಸಭೆಗೆ ಬರುತ್ತಿದ್ದರು. ಎಸ್‌ಟಿಡಿ ಬೂತಿನಿಂದ ನಾನೇ ಫೋನು ಮಾಡಿದೆ. ಹಿಂದೆ ಕ್ಯೂ ನಿಂತಿದ್ದವರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದೂ, “ನಿಮ್ಮ ಬೇವನ್ನು ನಮ್ಮ ಅರಳಿಗೆ ತಂದುಕೊಳ್ಳೋಣ ಅಂತ” ಎಂದು ಸಂಕೋಚದಿಂದ ಹೇಳಿದೆ. ಬೂತಿನವನು ನನ್ನನ್ನು ಆವತ್ತಿನಿಂದ ಬೇರೆ ರೀತಿ ನೋಡತೊಡಗಿದ.

ಮಾತುಕತೆಗೆ ಮೇಡಂ ಅರಸೀಕೆರೆಗೆ ಬಂದರು. ಮೇಷ್ಟ್ರ ಹೆಂಡತಿ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ಬೀಗರನ್ನು ಕೂರಿಸುವ ಹಾಗೆ ಚಾಪೆ ಹಾಸಿ ಕೂರಿಸಿ, ಮೊದಲ ಪ್ರಶ್ನೆಯನ್ನೇ ಹರಿತವಾಗಿ ಕೇಳಿದರು.

“ಹುಡುಗಿ ಎತ್ತರ ಎಷ್ಟು?”

ಮೇಡಂ ಲೆಕ್ಕದವರು, ಸುಳ್ಳು ಹೇಳಲಿಲ್ಲ. ಬೇವು ಅರಳಿಗಿಂತ ನಾಲ್ಕು ಬೆರಳು ಎತ್ತರ.

“ಗಂಡಿಗಿಂತ ಹೆಣ್ಣು ಎತ್ತರ ಆದ್ರೆ ಹೇಗ್ರಿ? ಸ್ವಲ್ಪ ತುದಿ ಕತ್ತರಿಸಿ.”

“ತುದಿ ಕತ್ತರ್ಸಿದ್ರೆ ಅದ್ರ ಆಕಾರನೇ ಹೋಯ್ತು. ನಿಮ್ಮ ಹುಡುಗನ್ನ ಸ್ವಲ್ಪ ಬೆಳೆಯೋಕೆ ಬಿಡಿ.”

“ಬೆಳೀದೆ ಇರ್ಲಿ ಅಂತ ಅಲ್ವೇನ್ರೀ ಇಷ್ಟು ವರ್ಷ ಇವ್ರು ಒದ್ದಾಡಿದ್ದು?” ಎಂದರು ಮೇಷ್ಟ್ರ ಹೆಂಡತಿ. ಮೇಷ್ಟ್ರು ಕೇಸರಿಬಾತಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ವರನನ್ನು ಎರಡು ಮಣೆಯ ಮೇಲೆ, ವಧುವನ್ನು ಬರಿಯ ನೆಲದ ಮೇಲೆ ಇಡುವುದೆಂದು ಡಾಕ್ಟರು ರಾಜಿ ಮಾಡಿಸಿದರು. ಆಮೇಲೆ ಬಂದದ್ದು ನಿಜವಾದ ಜಗಳ. ಮದುವೆಯಾದ ಮೇಲೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕು ಎಂದರು ಮೇಷ್ಟ್ರ ಹೆಂಡತಿ. ತಮ್ಮ ಬೇವು ಬೇಲೂರು ಬಿಟ್ಟು ಕದಲುವುದಿಲ್ಲ ಎಂದರು ಮೇಡಂ.

“ಗಂಡ ಒಂದೂರು, ಹೆಂಡ್ತಿ ಒಂದೂರು ಇರೋರು ಎಷ್ಟು ಜನ ಇಲ್ಲ? ಟ್ರಾನ್ಸ್‌ಫರ್ ಸಿಗ್ಲಿಲ್ಲ ಅಂದ್ಕೊಳ್ಳಿ.”

“ಮನೆ ತುಂಬಿಸ್ಕೊಳ್ದೆ ಇದ್ರೆ ಅದ್ಯಾವ ಸೀಮೆ ಮದುವೆ? ಹಾಗಾದ್ರೆ ಬೇಡ ಬಿಡಿ. ಕೆರೆ ಏರಿ ಇದ್ದೇ ಇದೆ.”

ಮೇಷ್ಟ್ರು ಮೊದಲ ಸಲ ಬಾಯಿ ಬಿಟ್ಟರು. “ಮೇಡಂ,” ಎಂದರು, ಅಷ್ಟೇ. ಆ ಒಂದು ಮಾತಿಗೆ ಮೇಡಂ ಸೋತರು. ಬೇಸಿಗೆ ರಜೆಯಷ್ಟು ದಿನ ಬೇವನ್ನು ಕಳಿಸುವುದಕ್ಕೆ, ಆದರೆ ನೀರು ಹಾಕುವವನು ನಾನಾಗಿರಬಾರದು ಎಂಬ ಷರತ್ತಿಗೆ ಒಳಪಟ್ಟು, ಒಪ್ಪಿದರು.

ಮದುವೆಯ ದಿನ ನಾನು ಕಾದು ಕೂತಿದ್ದ ಯಾವ ಅನಾಹುತವೂ ನಡೆಯಲಿಲ್ಲ. ಬಸ್ಸು ಕೆಡಲಿಲ್ಲ. ಮೇಕೆ ಹತ್ತಲಿಲ್ಲ. ಕಂಡಕ್ಟರು ಬಂದು, ಬಾಸಿಂಗ ಕಟ್ಟಿಕೊಂಡು ನನ್ನ ತೊಡೆಯ ಮೇಲೆ ಕೂತಿದ್ದ ಮರವನ್ನು ನೋಡಿ, “ಏನ್ ಸಾರ್ ಇದು?” ಎಂದ.

“ಮದುವೆ ಗಂಡು,” ಎಂದರು ಡಾಕ್ಟರು ಪಕ್ಕದ ಸೀಟಿನಿಂದ.

“ಸೀಟ್ ಹಿಡ್ಕಂಡಿಲ್ಲ, ಬಿಡಿ,” ಎಂದು ಮುಂದೆ ಹೋದ.

ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಬಗ್ಗಿ, “ಹೆಣ್ಣು ಯಾವೂರ್ದಪ್ಪಾ?” ಎಂದು ಕೇಳಿದಳು. ಬೇಲೂರು ಎಂದೆ. “ಒಳ್ಳೇದಾತು, ನೀರಿಗೆ ತಾಪತ್ರಯ ಇಲ್ಲ ಅಲ್ಲಿ,” ಎಂದು ತೃಪ್ತಿಯಿಂದ ಹಿಂದಕ್ಕೊರಗಿದಳು. ಹಳೇಬೀಡಿನಲ್ಲಿ ಹತ್ತಿದ ಪ್ರವಾಸಿಗರು ಕ್ಯಾಮೆರಾದಲ್ಲಿ ಉಳಿದಿದ್ದ ರೀಲನ್ನೆಲ್ಲ ನಮ್ಮ ವರನ ಮೇಲೆ ಮುಗಿಸಿದರು. ನನ್ನ ಕಾಲು ಜೋಮು ಹಿಡಿದಿತ್ತು. ಅಲ್ಲಾಡಲು ಹೆದರಿ ಹಾಗೆಯೇ ಕೂತಿದ್ದೆ.

ಬೇಲೂರಿನಲ್ಲಿ ಮೇಡಂ ಮನೆಯ ಹಿತ್ತಲಲ್ಲಿ ಚಪ್ಪರ ಹಾಕಿಸಿದ್ದರು. ವಧು ಬೋಳಾಗಿರಲಿಲ್ಲ, ತೆಳು ಕೆಂಪು ಚಿಗುರು ಹೊತ್ತು, ನಿಜ ಹೇಳಬೇಕೆಂದರೆ ನಮ್ಮವನಿಗಿಂತ ಚೆನ್ನಾಗಿ ಕಾಣುತ್ತಿದ್ದಳು. ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಅವರ ಉತ್ಸಾಹ ಎಷ್ಟಿತ್ತೆಂದರೆ, ಮಲ್ಲಿಗೆ, ಕನಕಾಂಬರ, ಸೇವಂತಿಗೆ ಸುತ್ತಿ ಸುತ್ತಿ, ಇತ್ತ ಪಂಚೆಯ ತುಂಡು ಅತ್ತ ರವಿಕೆ ಕಣ ಉಡಿಸಿ, ಕೊನೆಗೆ ಅಲ್ಲಿ ಮರಗಳಿವೆ ಎಂಬ ಗುರುತೇ ಇಲ್ಲದೆ ಎರಡು ಹೂವಿನ ಗುಡ್ಡೆಗಳು ಮಾತ್ರ ಉಳಿದವು.

ಪುರೋಹಿತರು ಎದ್ದು ಹೋಗಲಿಲ್ಲ. “ಕಟ್ಟೆ ಮೇಲಿನ ಅರಳಿ ಬೇವಿಗೆ ಬೇಕಾದಷ್ಟು ಸಲ ಮಾಡಿಸಿದೀನಿ,” ಎಂದರು ನಿರಾಳವಾಗಿ. “ಇಲ್ಲಿ ಏಣಿ ಬೇಕಾಗಿಲ್ಲ, ಅಷ್ಟೇ.” ಹೆಣ್ಣು ಯಾವ ಕಡೆ, ಗಂಡು ಯಾವ ಕಡೆ ಎಂದು ಕೇಳಿಕೊಂಡು ಶುರು ಮಾಡಿದರು. ಜನಿವಾರವಾಯಿತು. ಹೋಮದ ಹೊಗೆ ಬೇರೆ ಕಡೆಗೆ ಹೋಯಿತು. ಅಂತರಪಟ ಹಿಡಿದರು. ಅದನ್ನು ಹಿಡಿಯಲು ಇಬ್ಬರು ಮೊಣಕಾಲೂರಿ ಕೂರಬೇಕಾಯಿತು. ಗಟ್ಟಿಮೇಳಕ್ಕೆ ವಾದ್ಯದವರಿರಲಿಲ್ಲವಾದ್ದರಿಂದ ಡಾಕ್ಟರು ಒಂದು ಸ್ಟೀಲ್ ತಟ್ಟೆ ಬಡಿದರು. ಅಕ್ಷತೆ ಬಿತ್ತು. ಕುಂಡದ ಮಣ್ಣಿನ ಮೇಲೆ ಎಷ್ಟು ಬಿತ್ತೆಂದು ನಾನು ಕುತ್ತಿಗೆ ಚಾಚಿ ನೋಡುತ್ತಿದ್ದೆ. ಮೇಷ್ಟ್ರು ಕಣ್ಣು ಒರೆಸಿಕೊಂಡರು. ಊಟಕ್ಕೆ ಹೋಳಿಗೆಯಿತ್ತು.

ಹೊರಡುವ ಹೊತ್ತಾಯಿತು. ಬಸ್ಸಿನಲ್ಲಿ ಹೂ ಬಾಡಿ ಎಲೆಗೆ ಅಂಟುತ್ತದೆಂದು ಮೇಷ್ಟ್ರ ಹೆಂಡತಿ ತಾವೇ ಕೂತು ಹೂಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಆ ಮರವನ್ನು ಅವರು ಅಷ್ಟು ಹತ್ತಿರದಿಂದ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ಬಿಡಿಸಿದವರು ಕೈ ನಿಲ್ಲಿಸಿದರು.

“ರೀ, ಇಲ್ನೋಡಿ.”

ಅರಳಿಯ ಗಂಟುಗಂಟಾದ ಬುಡಕ್ಕೆ, ಜನಿವಾರದ ಮೇಲೆಯೇ, ಅರಿಸಿನ ದಾರದ ತಾಳಿ ಕಟ್ಟಿತ್ತು.

ಪುರೋಹಿತರು ಇನ್ನೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. “ಎಡಗಡೆ ಇರೋದು ಹೆಣ್ಣು ಅಂದ್ರಿ. ಎಡಗಡೆ ಇದ್ದದ್ದಕ್ಕೆ ಕಟ್ಟಿದೀನಿ,” ಎಂದರು.

ಮೇಡಂ ಮುಖ ಬಿಳಿಚಿತು. “ಚಪ್ಪರದ ಸಂದಿಯಿಂದ ಬಿಸಿಲು ಬಿತ್ತು. ಎಳೇ ಚಿಗುರು, ಬಾಡತ್ತೆ ಅಂತ ನಾನೇ ಎರಡೂ ಕುಂಡನ ಆಕಡೆ ಈಕಡೆ ಮಾಡ್ದೆ. ಮಣೆನೂ ಸರಿಸಿ ಇಟ್ಟೆ.”

ನಮ್ಮ ಸಂಘದವರು ಯಾರೂ ಅವರನ್ನು ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ಬಿಸಿಲು ಸರಿದ ಹಾಗೆ ಕುಂಡ ಸರಿಸುವುದು ನಮ್ಮೆಲ್ಲರ ಕೈಗೆ ಹತ್ತಿದ ಅಭ್ಯಾಸ. ಅದಕ್ಕೆ ತಲೆಯ ಅಗತ್ಯವೇ ಬೀಳುವುದಿಲ್ಲ. ಮಂತ್ರ ನಡೆಯುತ್ತಿದ್ದಾಗ ಅವರು ಹಾಗೆ ಸರಿಸಿದ್ದನ್ನು ಡಾಕ್ಟರೂ ನೋಡಿದ್ದರು, ಮೇಷ್ಟ್ರೂ ನೋಡಿದ್ದರು. ನಾನೂ ನೋಡಿದ್ದೆ. ನೋಡಿ, ಸದ್ಯ ನೆರಳಿಗೆ ಬಂತಲ್ಲ ಎಂದು ಆ ಇಡೀ ದಿನದಲ್ಲಿ ಒಂದೇ ಒಂದು ಸಲ ನೆಮ್ಮದಿಯ ಉಸಿರು ಬಿಟ್ಟಿದ್ದೆ.

“ಬಿಚ್ಚಿ ಅದಕ್ಕೆ ಕಟ್ಟಿದ್ರಾಯ್ತು,” ಎಂದರು ಮೇಷ್ಟ್ರು ಮೆಲ್ಲಗೆ.

“ಕಟ್ಟಿದ ತಾಳಿ ಬಿಚ್ತಾರೇನ್ರೀ?” ಎಂದರು ಅವರ ಹೆಂಡತಿ.

ಪುರೋಹಿತರ ಕಡೆ ನೋಡಿದೆವು. ಅವರು ಬಿಚ್ಚಬಹುದು ಎನ್ನಲಿಲ್ಲ, ಬಿಚ್ಚಬಾರದು ಎನ್ನಲೂ ಇಲ್ಲ. ಬಾಯಿ ತುಂಬ ಎಲೆ ಅಡಿಕೆಯಿತ್ತು.

ಮೇಷ್ಟ್ರ ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಸಾಮಾನ್ಯ ವಿಷಯವನ್ನು ತಿಳಿಸಿ ಹೇಳುವ ಹಾಗೆ ಹೇಳಿದರು. “ಮದುವೆ ಆಯ್ತು, ಇನ್ನು ನೆಲಕ್ಕೆ ಹಾಕ್ಬೇಕು ಅಂತ ನಾನು ಹೇಳಲ್ಲ. ಆದ್ರೆ ತಾಳಿ ಕಟ್ಟಿಸ್ಕೊಂಡಿದ್ದು ಇದು. ಇದು ಗಂಡನ ಮನೇಲಿರ್ಬೇಕು. ನಾಳೆ ನಮ್ಮ ಹುಡುಗಿಗೂ ಅದೇ ಅಲ್ವಾ?”

ಮೇಡಂ ಬೇವಿನ ಪಕ್ಕ ಕಡಪ ಕಲ್ಲಿನ ಮೇಲೆ ಜಾಗ ಮಾಡಿದರು. ಮೇಷ್ಟ್ರು ಕುಂಡವನ್ನು ತಾವೇ ಎತ್ತಿ ಅಲ್ಲಿಟ್ಟು, ಸ್ವಲ್ಪ ತಿರುಗಿಸಿ, ಮತ್ತೆ ತಿರುಗಿಸಿ, “ಬೆಳಿಗ್ಗೆ ಹೊತ್ತು ಇಲ್ಲಿ ಬಿಸಿಲು ಹೇಗೆ?” ಎಂದು ಕೇಳಿದರು. ಚೆನ್ನಾಗಿ ಬರುತ್ತದೆ ಎಂದರು ಮೇಡಂ. ಮೇಷ್ಟ್ರ ಹೆಂಡತಿ ಒಳಗಿಂದ ಅಕ್ಕಿ, ಕೊಬ್ಬರಿ, ಬೆಲ್ಲ ಇಸಿದುಕೊಂಡು ಬಂದು, ಹೆಣ್ಣುಮಕ್ಕಳನ್ನು ಕಳಿಸುವಾಗ ಮಾಡುವ ಹಾಗೆ, ಅರಳಿಗೆ ಮಡಿಲಕ್ಕಿ ತುಂಬಿದರು. ಅದಕ್ಕೆ ಮಡಿಲು ಎಂಬುದಿಲ್ಲವಾದ್ದರಿಂದ ಅಕ್ಕಿಯೆಲ್ಲ ಬುಡದ ಪಾಚಿಯ ಮೇಲೆ ಚೆಲ್ಲಿತು.

ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಎರಡು ಸಲ ನೆನಪಿಸಿದೆ. ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು, ಪಾಚಿ ಕೊಳೆಯಬಾರದೆಂದು, ಒಂದೊಂದೇ ಕಾಳು ಆರಿಸುತ್ತಿದ್ದರು.